ಈಶಾನ್ಯದ ಗೋಡೆ

ನಮ್ಮ ಮನೆಯ ಸೆಲ್ಲಾರಿನ ಗೋಡೆಯನ್ನು ಆರು ವರ್ಷದಲ್ಲಿ ನಾಲ್ಕು ಸಲ ರಿಪೇರಿ ಮಾಡಿಸಿದೆವು. ನಾಲ್ಕು ಸಲವೂ ತಪ್ಪಾಗಿಯೇ ಮಾಡಿಸಿದೆವು. ಐದನೆಯ ಸಲ ಸರಿಯಾಯಿತು. ಈಗ ಮಳೆಗಾಲದಲ್ಲೂ ಆ ಗೋಡೆಗೆ ಕೈ ಇಟ್ಟರೆ ಒಂದು ಹನಿ ತೇವವಿಲ್ಲ. ಮನೆಗೆ ಬಂದವರನ್ನು ನಮ್ಮ ಯಜಮಾನರು ಕೆಳಗೆ ಕರೆದುಕೊಂಡು ಹೋಗಿ ಅದನ್ನು ತೋರಿಸುತ್ತಾರೆ. ನಾನು ಜೊತೆಗೆ ಹೋಗುವುದಿಲ್ಲ.

ಮನೆ ಗೋವಿಂದರಾಜನಗರದಲ್ಲಿದೆ, ನಮ್ಮಪ್ಪ ಕಟ್ಟಿಸಿದ್ದು. ಸೈಟು ಇಳಿಜಾರಿನಲ್ಲಿದ್ದುದರಿಂದ ಕೆಳಗೊಂದು ಸೆಲ್ಲಾರು ಬಂತು. ರಸ್ತೆಯಿಂದ ಏಳು ಮೆಟ್ಟಿಲು ಇಳಿದರೆ ಒಂದು ರೂಮು, ಒಂದು ಅಡುಗೆ ಕಟ್ಟೆ, ಒಂದು ಬಚ್ಚಲು. ಬಾಡಿಗೆಗೆ ಕೊಡಲೆಂದೇ ಮಾಡಿದ್ದು. ರೂಮಿನ ಕಿಟಕಿ ರಸ್ತೆಯ ಮಟ್ಟಕ್ಕಿದೆ. ಒಳಗೆ ಕೂತು ನೋಡಿದರೆ ಹೋಗಿ ಬರುವವರ ಚಪ್ಪಲಿಗಳು ಮಾತ್ರ ಕಾಣುತ್ತವೆ.

ಮನೆ ಕಟ್ಟುವಾಗ ನಾನು ಐದನೇ ಕ್ಲಾಸು. ಅಮ್ಮ ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಿದ್ದಳು, ಅಪ್ಪನಿಗೆ ಶಿಫ್ಟು. ಹೊಸ ಗೋಡೆಗೆ ದಿನಕ್ಕೆರಡು ಸಲ ನೀರು ಹೊಡೆಯುವ ಕೆಲಸ ದೊಡ್ಡಮ್ಮನದು. ದೊಡ್ಡಮ್ಮ ಅಂದರೆ ನಮ್ಮಮ್ಮನ ಅಕ್ಕ. ಇಪ್ಪತ್ತೆರಡಕ್ಕೇ ಗಂಡ ಹೋದ. ನಾನು ಹುಟ್ಟಿದಾಗ ಬಾಣಂತನಕ್ಕೆ ಬಂದವಳು ವಾಪಸ್ಸು ಹೋಗಲಿಲ್ಲ. ನನಗೆ ಎಣ್ಣೆ ಹಚ್ಚಿ ತಲೆ ಬಾಚಿದವಳು, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು, ಸ್ಕೂಲಿಗೆ ಬಿಟ್ಟು ಬಂದವಳು ಎಲ್ಲ ಅವಳೇ. ಬೆಳಗ್ಗೆ ಬಾಡಿಗೆ ಮನೆಯಿಂದ ಬಕೆಟ್ಟು ಹಿಡಿದು ಹೊರಟರೆ ನಾನೂ ಹಿಂದೆ ಓಡುತ್ತಿದ್ದೆ. ಚೊಂಬಿನಲ್ಲಿ ನೀರು ತುಂಬಿ ಗೋಡೆಗೆ ಎರಚುತ್ತಾ "ಕುಡೀಲಿ ಕಣೇ, ಚೆನ್ನಾಗಿ ಕುಡೀಲಿ. ಈಗ ಕುಡಿದಷ್ಟೂ ಗಟ್ಟಿ ಆಗುತ್ತೆ" ಅನ್ನುತ್ತಿದ್ದಳು. ಸೆಲ್ಲಾರಿನ ಗೋಡೆಗೂ ಅವಳೇ ನೀರು ಹಾಕಿದ್ದು.

ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಮನೆ ನನಗೆ ಬಂತು. ನಾನೊಬ್ಬಳೇ ಮಗಳು. ನಮ್ಮ ಯಜಮಾನರು ಮದುವೆಯಾಗಿ ಈ ಮನೆಗೇ ಬಂದವರು. ಮನೆ ಅಳಿಯ ಅಂತ ಯಾರಾದರೂ ತಮಾಷೆ ಮಾಡಿದರೆ ಮೂರು ದಿನ ಮುಖ ಊದಿಸಿಕೊಂಡು ಕೂರುತ್ತಾರೆ. ಅಪ್ಪ ಕಟ್ಟಿದ ಮನೆಯಲ್ಲಿ ತಮ್ಮದೂ ಒಂದು ಗುರುತು ಇರಬೇಕು ಅನ್ನುವ ಆಸೆ ಅವರಿಗೆ ಮೊದಲಿಂದಲೂ ಇತ್ತು. ಆ ಗುರುತು ಕೊನೆಗೆ ಸಂಪಿನ ರೂಪದಲ್ಲಿ ಬಂತು.

ಮಾಗಡಿ ರೋಡಿನಲ್ಲಿ ಅವರದೊಂದು ಜೆರಾಕ್ಸ್ ಮತ್ತು ಸ್ಟೇಷನರಿ ಅಂಗಡಿ. ಒಂದು ಕಾಲಕ್ಕೆ ವ್ಯಾಪಾರ ಪೂರಾ ಬಿದ್ದುಹೋಯಿತು. ಯಾರೋ ಹೇಳಿದರು ಅಂತ ಒಬ್ಬ ವಾಸ್ತುವಿನವರನ್ನು ಕರೆತಂದರು. ಅವರು ಕೈಯಲ್ಲಿ ದಿಕ್ಸೂಚಿ ಹಿಡಿದು ಮನೆ ಸುತ್ತಿ, ಪೋರ್ಟಿಕೋದ ಕೆಳಗಿದ್ದ ನೀರಿನ ಸಂಪನ್ನು ತೋರಿಸಿ ತಲೆ ಅಲ್ಲಾಡಿಸಿದರು. ಅದು ಆಗ್ನೇಯ. ಬೆಂಕಿಯ ಮೂಲೆಯಲ್ಲಿ ನೀರು ಇಟ್ಟರೆ ದುಡ್ಡು ನಿಲ್ಲುವುದಿಲ್ಲ, ನೀರು ಈಶಾನ್ಯದಲ್ಲಿರಬೇಕು ಅಂದರು. ನಮ್ಮ ಈಶಾನ್ಯದ ಮೂಲೆ ಅಂದರೆ ಕಾಂಪೌಂಡಿಗೂ ಸೆಲ್ಲಾರಿನ ಗೋಡೆಗೂ ಮಧ್ಯೆ ಇದ್ದ ಕಿಷ್ಕಿಂಧೆಯಂಥ ಜಾಗ. ಅಲ್ಲೇ ತೋಡಿದರು. ಸಂಪಿನ ಒಂದು ಬದಿಗೆ ಬೇರೆ ಗೋಡೆ ಕಟ್ಟುವಷ್ಟು ಜಾಗ ಇರಲಿಲ್ಲ. ಸೆಲ್ಲಾರಿನ ಗೋಡೆಗೇ ಒತ್ತಿ ಸಿಮೆಂಟು ಬಳಿದು ಮುಗಿಸಿದರು.

ಆರು ತಿಂಗಳಲ್ಲಿ ಅಂಗಡಿ ಎದ್ದು ನಿಂತಿತು. ಅಂಗಡಿಯ ಎದುರಿಗೇ ಒಂದು ಕಾಲೇಜು ಬಂದಿತ್ತು ಅನ್ನುವುದನ್ನು ನಾನು ಒಂದೆರಡು ಸಲ ನೆನಪಿಸಿ ಬೈಸಿಕೊಂಡಿದ್ದೇನೆ. ಗಣಿತ ಹೇಳಿಕೊಡುವವಳು ನಾನು, ಕಾರಣ ಹುಡುಕುವುದು ಅಭ್ಯಾಸ. ಆದರೂ ನಿಜ ಹೇಳುತ್ತೇನೆ, ಸಂಪನ್ನು ಮುಟ್ಟುವ ಧೈರ್ಯ ನನಗೂ ಇರಲಿಲ್ಲ. ಒಳ್ಳೆಯದು ನಡೆಯುತ್ತಿರುವಾಗ ಯಾರು ಕೈ ಹಾಕುತ್ತಾರೆ?

ಸೆಲ್ಲಾರಿನಲ್ಲಿ ಆಗ ಹುಬ್ಬಳ್ಳಿ ಕಡೆಯ ಗಂಡ ಹೆಂಡತಿ ಇದ್ದರು. ಗೋಡೆ ಒದ್ದೆಯಾಗುತ್ತೆ, ಬಟ್ಟೆಗೆಲ್ಲ ಬೂಷ್ಟು ಅಂತ ಎರಡು ಸಲ ಹೇಳಿದರು. ಮೂರನೇ ಸಲ ಹೇಳಲಿಲ್ಲ, ಖಾಲಿ ಮಾಡಿಕೊಂಡು ಹೋದರು. ಆಮೇಲೆ ಬಂದು ನೋಡಿದವರು ಯಾರೂ ಅಡ್ವಾನ್ಸು ಕೊಡಲಿಲ್ಲ. ಮೆಟ್ಟಿಲಿಳಿದು ಒಳಗೆ ಕಾಲಿಡುತ್ತಿದ್ದ ಹಾಗೇ ಮೂಗು ಅರಳಿಸಿ "ಹೇಳ್ತೀವಿ ಆಂಟಿ" ಅಂತ ಹೊರಡುತ್ತಿದ್ದರು.

ಅದೇ ವರ್ಷ ನನ್ನ ಮಗ ಸೆಕೆಂಡ್ ಪಿಯುಸಿ. ಅವನು ಹುಟ್ಟಿದಾಗಿನಿಂದ ಮಹಡಿಯ ರೂಮಿನಲ್ಲಿ ದೊಡ್ಡಮ್ಮನ ಜೊತೆಗೇ ಮಲಗುತ್ತಿದ್ದ. ಅವಳು ನಾಲ್ಕೂವರೆಗೆ ಎದ್ದು ದೇವರ ನಾಮ ಗುನುಗುತ್ತಾಳೆ, ಓದೋಕಾಗಲ್ಲ ಅಂದ. ಸೆಲ್ಲಾರು ಹೇಗೂ ಖಾಲಿ ಇತ್ತು. "ಪರೀಕ್ಷೆ ಮುಗಿಯೋವರೆಗೂ ಕೆಳಗಿರ್ತೀಯಾ ದೊಡ್ಡಮ್ಮ?" ಅಂತ ಕೇಳಿದವಳು ನಾನೇ. "ಅದಕ್ಕೇನಂತೆ" ಅಂದಳು. ಟ್ರಂಕು, ಹಾಸಿಗೆ, ದೇವರ ಫೋಟೋ, ರೇಡಿಯೋ ಇಷ್ಟನ್ನು ಎರಡು ಸಲದಲ್ಲಿ ತಾನೇ ಇಳಿಸಿಕೊಂಡಳು.

ಪರೀಕ್ಷೆ ಮುಗಿಯಿತು. ಮಗ ಪಾಸಾದ, ಡಿಗ್ರಿ ಮಾಡಿದ, ಮಂಗಳೂರಿನಲ್ಲಿ ಕೆಲಸಕ್ಕೆ ಸೇರಿದ. ಈಗ ವರ್ಷಕ್ಕೆರಡು ಸಲ ಬರುತ್ತಾನೆ. ಅವನ ರೂಮಿಗೆ ಹೊಸ ಮಂಚ ಹಾಕಿಸಿ ಬೀಗ ಹಾಕಿದೆವು, ವಾರಕ್ಕೊಮ್ಮೆ ನಾನು ಧೂಳು ಹೊಡೆಯುತ್ತೇನೆ. ದೊಡ್ಡಮ್ಮ ಮಾತ್ರ ಕೆಳಗೇ ಇದ್ದಳು. ಮೇಲೆ ಬಾ ಅಂತ ನಾವು ಹೇಳಲಿಲ್ಲ, ಬರುತ್ತೇನೆ ಅಂತ ಅವಳು ಕೇಳಲಿಲ್ಲ. ಇದನ್ನು ಬೇರೆಯವರ ಮನೆಯಲ್ಲಿ ಕಂಡಿದ್ದರೆ ನಾನು ಏನೆಲ್ಲ ಮಾತಾಡುತ್ತಿದ್ದೆನೋ! ನಮ್ಮ ಮನೆಯಲ್ಲಿ ಅದು ಕಣ್ಣಿಗೇ ಬೀಳಲಿಲ್ಲ. ಕಣ್ಣಿಗೆ ಬಿದ್ದದ್ದು ಗೋಡೆ.

ಗೋಡೆ ಕೆಳಗಿನಿಂದ ಕಪ್ಪಾಗುತ್ತಾ ಬಂತು. ಬಣ್ಣ ಗುಳ್ಳೆ ಎದ್ದು ಉದುರಿತು. ಉದುರಿದ ಕಡೆ ಬಿಳೀ ಉಪ್ಪು ಹೂಬಿಟ್ಟಿತು. ಮೊದಲ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ಕೆರೆದು, ನೀರು ತಡೆಯುವ ಪೇಂಟು ಹೊಡೆಸಿದೆವು. ಆರು ತಿಂಗಳು ಬಂತು. ಎರಡನೇ ಸಲ ಗಾರೆ ಕಿತ್ತು ಕೆಮಿಕಲ್ ಬೆರೆಸಿದ ಸಿಮೆಂಟು ಬಳಿಸಿದೆವು. ಅದು ಇಡಿಯಾಗಿ ಹಪ್ಪಳದ ಹಾಗೆ ಎದ್ದು ನಿಂತಿತು. ಮೂರನೇ ಸಲ ಪಕ್ಕದ ಮನೆಯ ಬಚ್ಚಲ ಪೈಪೇ ಕಾರಣ ಅಂತ ಅವರೊಂದಿಗೆ ಜಗಳ ತೆಗೆದು, ಅವರ ಕೈಯಲ್ಲಿ ಪೈಪು ಬದಲಿ ಮಾಡಿಸಿ, ನಮ್ಮ ಗೋಡೆಗೆ ಮತ್ತೆ ಗಾರೆ ಮಾಡಿಸಿದೆವು. ಗೋಡೆ ಒಣಗಲಿಲ್ಲ, ಆ ಮನೆಯವರು ಮಾತು ಬಿಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಆ ಎಮ್ಮೆಗೆ ನಾವು ಮೂರು ಬರೆ ಎಳೆದಿದ್ದೆವು.

ನಾಲ್ಕನೇ ಸಲ ಯಜಮಾನರು ನಾಲ್ಕಡಿ ಎತ್ತರಕ್ಕೆ ಟೈಲ್ಸ್ ಹಾಕಿಸಿದರು. ತಿಳಿ ಗುಲಾಬಿ ಟೈಲ್ಸ್, ಮೇಲಂಚಿಗೆ ಹೂಬಳ್ಳಿ. ಒಳಗೆ ಹುಳುಕು ಮೇಲೆ ಥಳುಕು. ಟೈಲ್ಸ್ ಒಣಗಿತ್ತು, ನಿಜ. ನೀರು ಅದರ ಹಿಂದೆ ಹತ್ತಿಕೊಂಡು ಹೋಗಿ ಐದಡಿ ಎತ್ತರದಲ್ಲಿ ಹೊರಗೆ ಬಂತು. ಮೊದಲು ದೊಡ್ಡಮ್ಮನ ಕಾಲಿನ ಮಟ್ಟಕ್ಕಿದ್ದ ತೇವ ಈಗ ತಲೆಯ ಮಟ್ಟಕ್ಕೆ ಬಂದಿತ್ತು.

ಅವಳಿಗೆ ಕೆಮ್ಮು ಶುರುವಾಗಿ ಆಗಲೇ ಮೂರು ವರ್ಷ. ನಮ್ಮ ಬೀದಿಯ ಕ್ಲಿನಿಕ್ಕಿನ ಡಾಕ್ಟರು ಎಳೆದುಕೊಳ್ಳುವ ಔಷಧಿ ಬರೆದುಕೊಟ್ಟು "ಇವರು ಮಲಗೋ ಕಡೆ ಡ್ಯಾಂಪ್ ಇದೆಯಾ?" ಅಂತ ಕೇಳಿದರು. ದೊಡ್ಡಮ್ಮ ನನ್ನ ಮುಖ ನೋಡಿದಳು. "ಸ್ವಲ್ಪ" ಅಂದೆ. ಅವತ್ತು ಬೆಳಗ್ಗೆ ತಾನೇ ಅವಳ ದಿಂಬಿನ ಮೇಲೆ ಉದುರಿದ್ದ ಗೋಡೆಯ ಪುಡಿಯನ್ನು ನಾನೇ ಕೊಡವಿದ್ದೆ. ಮನೆಗೆ ಬರುವಾಗ ಅವಳು ಎರಡು ಕಡೆ ನಿಂತು ಉಸಿರು ತೆಗೆದುಕೊಂಡಳು. ಎರಡನೇ ಸಲ ನಿಂತಾಗ ನನಗೆ ಹೆದರಿಕೆಯಾಯಿತು. ಹೇಗಾದರೂ ಮಾಡಿ ಈ ಗೋಡೆ ಸರಿಮಾಡಿಸಲೇಬೇಕು ಅಂದುಕೊಂಡೆ. ನೋಡಿ, ಆಗಲೂ ನಾನು ಅಂದುಕೊಂಡದ್ದು ಗೋಡೆಯ ವಿಷಯ.

ಐದನೇ ಸಲಕ್ಕೆ ಬಂದ ಮೇಸ್ತ್ರಿ ಬಾಗಲಕೋಟೆ ಕಡೆಯವನು, ಐವತ್ತು ದಾಟಿದವನು. ಆರ್‌ಪಿಸಿ ಲೇಔಟಿನಲ್ಲಿ ಒಂದು ಹಳೇ ಮನೆಯ ಗಾರೆ ಕೆಲಸ ಮಾಡುತ್ತಿದ್ದವನನ್ನು ನನ್ನ ಸಹೋದ್ಯೋಗಿಯೊಬ್ಬರು ಕಳಿಸಿದ್ದರು. ಊರಲ್ಲಿ ಅವನ ಅಪ್ಪ ಸುಣ್ಣದ ಗಚ್ಚಿನ ಕೆಲಸ ಮಾಡುತ್ತಿದ್ದನಂತೆ. ಬಂದವನು ಗೋಡೆಗೆ ಕರಣೆಯ ಹಿಡಿಯಿಂದ ಕುಟ್ಟಿದ. ದಬ್ ದಬ್ ಅಂತ ಪೊಳ್ಳು ಸದ್ದು. ನಾನು ಪೇಂಟು, ಕೆಮಿಕಲ್ಲು, ಪಕ್ಕದ ಮನೆ ಪೈಪು, ಟೈಲ್ಸಿನ ಕತೆಯನ್ನೆಲ್ಲ ಶುರುಮಾಡಿದೆ. ಅವನು ಅರ್ಧಕ್ಕೇ ಬಿಟ್ಟು, ಮಂಚದ ಮೇಲೆ ಕೂತಿದ್ದ ದೊಡ್ಡಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಯವ್ವಾ, ಇಲ್ಲಿ ಮಲಗಾಕಿ ನೀ. ಗ್ವಾಡಿ ಯಾವಾಗ ಜಾಸ್ತಿ ಹಸಿ ಆಗತೈತಿ?"

"ನೀರು ಬಿಟ್ಟ ಮಾರನೇ ದಿನ ಕಣಪ್ಪ" ಅಂದಳು ದೊಡ್ಡಮ್ಮ, ಒಂದು ಕ್ಷಣವೂ ಯೋಚಿಸದೆ. "ದಿನ ಬಿಟ್ಟು ದಿನ ಕಾವೇರಿ ನೀರು ಬರುತ್ತೆ. ಸಂಪು ತುಂಬೋದು ಇಲ್ಲಿಗೆ ಕೇಳಿಸುತ್ತೆ. ಬೆಳಗ್ಗೆ ಎದ್ದರೆ ಇಲ್ಲೀವರೆಗೂ ಒದ್ದೆ. ಹೋದ ವರ್ಷ ಪೈಪು ಒಡೆದು ಎಂಟು ದಿನ ನೀರು ಬರಲಿಲ್ಲ ನೋಡು, ಆಗ ಒಣಗಿತ್ತು. ಕ್ಯಾಲೆಂಡರ್ ಕೂಡ ನೇತುಹಾಕಿದ್ದೆ."

ನಾನು ಬಾಗಿಲಲ್ಲಿ ನಿಂತಿದ್ದೆ. ನಾಲ್ಕು ರಿಪೇರಿ ಮಾಡಿಸಿದ್ದೇವೆ, ಎಷ್ಟು ಜನ ಬಂದು ನೋಡಿದ್ದಾರೆ. ಆ ರೂಮಿನಲ್ಲಿ ಮಲಗುವವಳನ್ನು ಇದೊಂದು ಪ್ರಶ್ನೆ ಯಾರೂ ಕೇಳಿರಲಿಲ್ಲ. ಮೇಸ್ತ್ರಿ ಹೊರಗೆ ಹೋಗಿ ಸಂಪಿನ ಮುಚ್ಚಳ ತೆಗೆದು ನೋಡುವಾಗ ನನಗೆ ಸಿಟ್ಟು ಬಂತು. ನನ್ನ ಮೇಲೆ ಬರಬೇಕಾದ ಸಿಟ್ಟು ಅವಳ ಮೇಲೆ ಬಂತು.

"ಗೊತ್ತಿದ್ದೂ ಯಾಕೆ ಬಾಯಿ ಮುಚ್ಚಿಕೊಂಡಿದ್ದೆ ದೊಡ್ಡಮ್ಮ?"

ಅವಳು ಸೆರಗಿನ ಅಂಚು ತಿರುವುತ್ತಾ ಕೂತಿದ್ದಳು. "ಆ ಸಂಪು ತೋಡಿದ ಮೇಲೆ ತಾನೇ ಅಂಗಡಿ ನೆಟ್ಟಗಾಗಿದ್ದು. ನಾನು ಹೇಳಿ, ನೀವು ಮುಚ್ಚಿ, ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ಮುಂಡೆ ಬಾಯಿ ಇಟ್ಟಳು ಅಂತಾರೆ. ನನಗೆ ಯಾಕೆ ಅದೆಲ್ಲ" ಅಂದಳು.

ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಯಾವತ್ತೂ ಆಡಿಲ್ಲ. ಆದರೆ ಆಡಬಹುದು ಅಂತ ಅವಳಿಗೆ ಅನ್ನಿಸುವ ಹಾಗೆ ನಾವು ಇಟ್ಟುಕೊಂಡಿದ್ದೆವು.

ಮೇಸ್ತ್ರಿ ಸ್ಪಷ್ಟವಾಗಿ ಹೇಳಿದ. "ನೀರ ಬರೂದು ನಿಲ್ಲಸ್ರಿ ಮೊದಲ. ಸಂಪ ಅಲ್ಲಿ ಇರೂತನ ನಾ ಗ್ವಾಡಿ ಮುಟ್ಟೂದಿಲ್ರಿ ಅವ್ವಾರ. ಸುಳ್ಳ ನಿಮ್ಮ ರೊಕ್ಕ ಯಾಕ ತಿನ್ನಲಿ?" ಸಂಜೆ ಯಜಮಾನರಿಗೆ ವಿಷಯ ತಿಳಿಸಿದೆ. ಊಟದ ತಟ್ಟೆ ದೂಡಿ ಎದ್ದರು. "ಬೇರೆ ಏನು ಬೇಕಾದ್ರೂ ಮಾಡ್ಸು. ಸಂಪಿನ ಸುದ್ದಿಗೆ ಬರಬೇಡ. ಆ ಮೇಸ್ತ್ರಿ ನಾಳೆ ಅಂಗಡಿ ನಡೆಸಿಕೊಡ್ತಾನಾ?" ಅಂದರು. ನಾಲ್ಕು ದಿನ ನಮ್ಮಿಬ್ಬರ ಮಧ್ಯೆ ಮಾತಿಲ್ಲ.

ಐದನೇ ದಿನ ಸ್ಟಾಫ್ ರೂಮಿನಿಂದ ನಾನೇ ಆ ವಾಸ್ತುವಿನವರಿಗೆ ಫೋನು ಮಾಡಿದೆ. ಜಗಳಕ್ಕೆ ತಯಾರಾಗಿಯೇ ಮಾಡಿದ್ದೆ. ಯಾವ ಮನೆ ಅಂತ ನೆನಪು ಮಾಡಿಕೊಳ್ಳಲು ಅವರಿಗೆ ಒಂದು ನಿಮಿಷ ಬೇಕಾಯಿತು. ಗೋಡೆಯ ಕತೆ ಕೇಳಿ ನಗುತ್ತಾ ಹೇಳಿದರು: "ಅಯ್ಯೋ, ಸಂಪೇ ಆಗಬೇಕು ಅಂತ ಏನಿಲ್ಲ ಅಮ್ಮ. ಈಶಾನ್ಯದಲ್ಲಿ ನೀರಿನ ಅಂಶ ಇದ್ದರಾಯ್ತು. ಒಂದು ತಾಮ್ರದ ಚೊಂಬಲ್ಲಿ ನೀರಿಡಿ. ದಿನಾ ಬದಲಾಯಿಸಿ. ಸಾಕು."

ಒಂದು ಚೊಂಬು ನೀರು! ಫೋನು ಇಟ್ಟೆ. ಬೆಲ್ಲು ಹೊಡೆದದ್ದೂ ಗೊತ್ತಾಗಲಿಲ್ಲ. ಮೂರು ವರ್ಷದ ಕೆಮ್ಮು, ಪಕ್ಕದ ಮನೆಯ ಹಗೆ, ಹೂಬಳ್ಳಿಯ ಟೈಲ್ಸು, ಎಲ್ಲಕ್ಕೂ ಒಂದು ಚೊಂಬು ನೀರು ಸಾಕಾಗಿತ್ತು. ಒಂದು ಫೋನು ಸಾಕಾಗಿತ್ತು.

ವಾಸ್ತುವಿನವರ ಬಾಯಿಂದಲೇ ಕೇಳಿದ ಮೇಲೆ ಯಜಮಾನರು ಮೆತ್ತಗಾದರು. ಸಂಪು ಖಾಲಿ ಮಾಡಿಸಿ, ಮಣ್ಣು ತುಂಬಿಸಿ, ಮೇಲೆ ಇಳಿಜಾರು ಬರುವ ಹಾಗೆ ಕಾಂಕ್ರೀಟು ಹಾಕಿಸಿದೆವು. ನೀರಿಗೆ ಪಕ್ಕದ ಓಣಿಯಲ್ಲಿ, ಗೋಡೆಗೆ ತಾಗದಂತೆ ಒಂದು ಪ್ಲಾಸ್ಟಿಕ್ ಟ್ಯಾಂಕು ಬಂತು. ಈಶಾನ್ಯದ ಮೂಲೆಗೆ ಚಿಕ್ಕ ಕಟ್ಟೆ ಕಟ್ಟಿ ತಾಮ್ರದ ಚೊಂಬು ಇಟ್ಟರು. ಅದರ ನೀರು ಬದಲಾಯಿಸುವ ಕೆಲಸವನ್ನು ದೊಡ್ಡಮ್ಮ ತಾನೇ ವಹಿಸಿಕೊಂಡಳು.

ಮೇಸ್ತ್ರಿ ಟೈಲ್ಸು ಕಿತ್ತ ದಿನ ನಾನು ರಜೆ ಹಾಕಿದ್ದೆ. ಟೈಲ್ಸಿನ ಹಿಂದೆ ಗಾರೆ ಅನ್ನುವುದೇ ಇರಲಿಲ್ಲ, ಕಪ್ಪು ಕೆಸರಿತ್ತು. ಅದರ ಹಿಂದಿನ ಇಟ್ಟಿಗೆಗಳು ಟೀಯಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಬೆರಳಿಗೇ ಉದುರಿದವು. ಹೊರಗೆ ಬಂದ ವಾಸನೆಗೆ ನಾನು ಸೆರಗು ಮುಚ್ಚಿಕೊಂಡು ಮೆಟ್ಟಿಲು ಹತ್ತಿದೆ. ದೊಡ್ಡಮ್ಮ ಆರು ವರ್ಷ ಅದಕ್ಕೆ ಒಂದು ಮೊಳ ದೂರದಲ್ಲಿ ತಲೆಯಿಟ್ಟು ಮಲಗಿದ್ದಳು.

ಅವನು ಗೋಡೆಗೆ ಒಂದು ಹನಿ ನೀರು ತಾಗಿಸಲು ಬಿಡಲಿಲ್ಲ. ಹಳೇ ಸಿಮೆಂಟನ್ನೆಲ್ಲ ತೇವ ಇರುವುದಕ್ಕಿಂತ ಒಂದಡಿ ಮೇಲಿನವರೆಗೂ ಕಿತ್ತ. ಉಪ್ಪನ್ನು ಒಣ ಬ್ರಷ್ಷಿನಲ್ಲಿ ಉಜ್ಜಿ, ಬಿದ್ದ ಪುಡಿಯನ್ನು ಗುಡಿಸಿ ಚೀಲದಲ್ಲಿ ತುಂಬಿ ಹೊರಗೆ ಸಾಗಿಸಿದ. ವಾರ ಬಿಟ್ಟು ನೋಡಿದರೆ ಮತ್ತೆ ಉಪ್ಪು ಬಂದಿರುತ್ತಿತ್ತು, ಮತ್ತೆ ಉಜ್ಜುತ್ತಿದ್ದ. ಸತ್ತ ಇಟ್ಟಿಗೆಗಳನ್ನು ಒಂದೇ ಸಲ ತೆಗೆದರೆ ಮೇಲಿನ ಭಾರ ಕೂರುತ್ತದೆ ಅಂತ ಎರಡಡಿ ತೆಗೆದು, ಹೊಸದು ಕಟ್ಟಿ, ಅದು ಬಿಗಿದ ಮೇಲೆ ಮುಂದಿನ ಎರಡಡಿ ತೆಗೆಯುತ್ತಿದ್ದ. ಅಂಗಳದ ಡ್ರಮ್ಮಿನಲ್ಲಿ ಸುಣ್ಣ ಅರಳಿಸಿ ನೆನೆಯಲು ಇಟ್ಟ. ಈ ಸಲ ಸಿಮೆಂಟು ಬೇಡ, ಸುಣ್ಣದ ಗಾರೆಯೇ ಆಗಬೇಕು, ಅದಕ್ಕೆ ಮುಂಚೆ ಗೋಡೆ ಪೂರಾ ಒಣಗಬೇಕು, ಮೂರು ತಿಂಗಳಾದರೂ ಬೇಕು ಅಂದ.

ಹೀಗೆ ದೊಡ್ಡಮ್ಮ ಮೇಲೆ ಬಂದಳು. ಬಾ ಅಂತ ಕರೆದು ಬಂದದ್ದಲ್ಲ, ಕೆಳಗೆ ಗೋಡೆ ಇರಲಿಲ್ಲ ಅಂತ ಬಂದದ್ದು. ಮಗನ ರೂಮಿನ ಬೀಗ ತೆಗೆಯುವ ಮಾತು ಆಗಲೂ ಏಳಲಿಲ್ಲ. ಹಾಲಿನ ದಿವಾನದ ಮೇಲೆ ಮಲಗಿದಳು. ಯಾರೂ ಏಳುವ ಮುಂಚೆ ಎದ್ದು, ಹಾಸಿಗೆ ಸುತ್ತಿ ದಿವಾನದ ಅಡಿಗೆ ತಳ್ಳಿ, ಮೇಲೆ ಬೆಡ್‌ಶೀಟ್ ಎಳೆದು ಬಿಡುತ್ತಿದ್ದಳು. ಅಲ್ಲೊಬ್ಬರು ಮಲಗಿದ್ದರು ಅನ್ನುವ ಗುರುತೇ ಉಳಿಯುತ್ತಿರಲಿಲ್ಲ.

ತಿಂಗಳೊಳಗೆ ಕೆಮ್ಮು ಅರ್ಧಕ್ಕಿಳಿಯಿತು. ಹಾಲಿನ ಕಿಟಕಿಯ ಪಕ್ಕ ಕೂತು ರಸ್ತೆ ನೋಡುತ್ತಿದ್ದಳು. ಎರಡು ವಾರದಲ್ಲಿ ಹೂವಿನವಳ ಸಂಸಾರದ ಕತೆಯೆಲ್ಲ ಅವಳಿಗೆ ಗೊತ್ತಾಗಿತ್ತು. ನಮ್ಮ ಯಜಮಾನರೊಂದಿಗೆ ಕೂತು ಸಂಜೆಯ ಸೀರಿಯಲ್ ನೋಡಿ, ಅದರಲ್ಲಿನ ಅತ್ತೆಯನ್ನು ಇಬ್ಬರೂ ಸೇರಿ ಬೈಯುತ್ತಿದ್ದರು. ನಾನು ಸ್ಕೂಲಿನಿಂದ ಬರುವಷ್ಟರಲ್ಲಿ ಹುಣಸೆ ಗೊಜ್ಜಿನ ಘಮ ಗೇಟಿಗೇ ಬರುತ್ತಿತ್ತು. ನನಗೆ ಐದನೇ ಕ್ಲಾಸಿನ ದಿನಗಳು ನೆನಪಾಗುತ್ತಿದ್ದವು. ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅದನ್ನು ಅವಳಿಗೆ ಹೇಳಲಿಲ್ಲ.

ಮೂರು ತಿಂಗಳು ಕಳೆಯಿತು. ಮೇಸ್ತ್ರಿ ಭಾನುವಾರ ಬಂದು ಗೋಡೆಗೆ ಅಂಗೈ ಇಟ್ಟು, ಮೂಸಿ ನೋಡಿ, "ಒಳಗ ಇನ್ನೂ ಹಸಿ ಐತ್ರಿ ಅವ್ವಾರ. ಇನ್ನೊಂದ ಹದಿನೈದ ದಿನ ಹೋಗ್ಲಿ" ಅಂದ. ಹದಿನೈದು ದಿನ ಬಿಟ್ಟು ಬಂದು ಮತ್ತೆ ಅದನ್ನೇ ಅಂದ. ಮೂರನೇ ಸಲವೂ ಅದೇ ರಾಗ. ನನ್ನ ಕೈಗೆ ಗೋಡೆ ಬೆಚ್ಚಗೆ, ಒಣಗಿಯೇ ಸಿಗುತ್ತಿತ್ತು. ಉಪ್ಪು ಬರುವುದು ನಿಂತು ಎಷ್ಟೋ ದಿನವಾಗಿತ್ತು. ಬೇರೆ ಕಡೆ ಕೆಲಸ ಒಪ್ಪಿಕೊಂಡು ನಮ್ಮದನ್ನು ಎಳೆಯುತ್ತಿದ್ದಾನೆ ಅಂತ ನನಗೆ ಖಾತ್ರಿಯಾಯಿತು.

ಆ ಹೊತ್ತಿಗೆ ಮಗನಿಗೊಂದು ಸಂಬಂಧ ಕೂಡಿಬಂದಿತ್ತು. ಹುಡುಗಿಯ ಕಡೆಯವರು ಮನೆ ನೋಡಲು ಬರುತ್ತೇವೆ ಅಂದಿದ್ದರು. ಮನೆ ನೋಡುವುದು ಅಂದರೆ ಏನು ಅಂತ ಎಲ್ಲರಿಗೂ ಗೊತ್ತು. ಯಾವ ರೂಮು ಯಾರದು, ಎಷ್ಟು ಜನ ಇದ್ದಾರೆ, ಹುಡುಗಿ ಬಂದರೆ ಯಾರ ಸೇವೆ ಮಾಡಬೇಕಾಗುತ್ತೆ, ಎಲ್ಲ ಲೆಕ್ಕ ಹಾಕಿಕೊಂಡು ಹೋಗುತ್ತಾರೆ. ಹಾಲಿನಲ್ಲಿ ಕೆಮ್ಮುವ ಮುದುಕಿ, ದಿವಾನದ ಅಡಿಯಲ್ಲಿ ಹಾಸಿಗೆಯ ಸುರುಳಿ. ನನ್ನ ತಲೆಯಲ್ಲಿ ಬಂದದ್ದು ಇದೇ. ಹೀಗೆ ಬರೆಯಲು ಕೈ ಹಿಂದೆಗೆಯುತ್ತದೆ, ಆದರೂ ಬಂದದ್ದು ಇದೇ.

ಮುಂದಿನ ಭಾನುವಾರ ಮೇಸ್ತ್ರಿ "ಇನ್ನೊಂದ ವಾರ..." ಅನ್ನುತ್ತಿದ್ದ ಹಾಗೇ ಹಾಲಿನಲ್ಲೇ ನಿಂತು ಕೂಗಾಡಿದೆ. "ಗೋಡೆ ಒಣಗುತ್ತೋ, ನಾವೇ ಒಣಗಿ ಹೋಗ್ತೀವೋ? ಆಗಲ್ಲ ಅಂದ್ರೆ ಹೇಳಪ್ಪ, ಬೇರೆಯವರನ್ನ ಕರೀತೀನಿ. ನಾಳೆ ಗಾರೆ ಶುರು ಆಗಲೇಬೇಕು. ಅವರ ರೂಮಿಗೆ ಅವರು ಹೋಗೋದು ಬೇಡ್ವಾ?"

ಮೇಸ್ತ್ರಿ ನನ್ನನ್ನು ನೋಡಲಿಲ್ಲ. ಕಿಟಕಿಯ ಪಕ್ಕ ಅಕ್ಕಿ ಆರಿಸುತ್ತಾ ಕೂತಿದ್ದ ದೊಡ್ಡಮ್ಮನ ಕಡೆ ನೋಡಿದ. ಅವಳು ಮೊರದಿಂದ ತಲೆ ಎತ್ತಲಿಲ್ಲ. "ಆತ್ರಿ ಅವ್ವಾರ, ನಾಳೆ ಬರ್ತೀನ್ರಿ" ಅಂತ ಹೇಳಿ ಹೋದ.

ಎರಡು ಕೋಟು ಸುಣ್ಣದ ಗಾರೆ, ಮೇಲೆ ಬಿಳೀ ಸುಣ್ಣ. ಕೆಲಸ ಅಚ್ಚುಕಟ್ಟಾಗಿತ್ತು. ಗಾರೆ ಬಿಗಿದು, ಸುಣ್ಣ ಆರುವವರೆಗೆ ಕಾದೆವು. ಒಂದು ಬೆಳಗ್ಗೆ "ರೂಮು ರೆಡಿ ಆಯ್ತು ದೊಡ್ಡಮ್ಮ" ಅಂತ ಹೇಳಲು ಹಾಲಿಗೆ ಬಂದೆ. ಅವಳ ಟ್ರಂಕು ಬಾಗಿಲ ಹತ್ತಿರ ಇತ್ತು. ಹಾಸಿಗೆ ಕಟ್ಟಿಯಾಗಿತ್ತು. ರೇಡಿಯೋ ಅವಳ ಕಂಕುಳಲ್ಲಿತ್ತು. "ಫೋಟೋ ನೀನು ತಗೊಂಡು ಬಾ, ಒಡೆದೀತು" ಅಂದಳು ಅಷ್ಟೆ. ಈ ಸಲ ಎರಡು ಸಲಕ್ಕೆ ಆಗಲಿಲ್ಲ. ಪ್ರತಿ ಸಲವೂ ಮೆಟ್ಟಿಲ ಮಧ್ಯೆ ನಿಂತು ಉಸಿರು ತೆಗೆದುಕೊಂಡು, ನಾಲ್ಕು ಸಲಕ್ಕೆ ಇಳಿಸಿದಳು.

ಹುಡುಗಿಯ ಕಡೆಯವರು ಬಂದರು, ಉಪ್ಪಿಟ್ಟು ಕೇಸರಿಬಾತು ತಿಂದರು, ಹೇಳಿ ಕಳಿಸುತ್ತೇವೆ ಅಂದರು. ಇವತ್ತಿನವರೆಗೂ ಹೇಳಿ ಕಳಿಸಿಲ್ಲ. ಮಗನ ರೂಮಿಗೆ ಮತ್ತೆ ಬೀಗ ಬಿತ್ತು.

ಇದಾಗಿ ಎಂಟು ತಿಂಗಳಿಗೆ, ಅವರೆಕಾಯಿ ಕಾಲದಲ್ಲಿ, ತಾರಸಿಯ ಬಿರುಕಿಗೆ ಅದೇ ಮೇಸ್ತ್ರಿಯನ್ನು ಕರೆಸಿದೆ. ನೋಡಿ ಇಳಿದು ಬಂದವನಿಗೆ ಟೀ ಕೊಟ್ಟು, "ಈ ಸಲ ಆ ಗೋಡೆ ಥರ ಎಳೀಬೇಡಪ್ಪ ಮಾರಾಯ" ಅಂತ ಛೇಡಿಸಿದೆ. ಅವನು ನಕ್ಕ. ಆಮೇಲೆ ಲೋಟ ಕೆಳಗಿಟ್ಟ.

"ಗ್ವಾಡಿ ಮೂರ ತಿಂಗಳಿಗೇ ಒಣಗಿತ್ತರಿ ಅವ್ವಾರ."

"ಮತ್ತೆ?"

"ದೊಡ್ಡವ್ವಾರು ಹೇಳಿದ್ರರಿ. ಇನ್ನೊಂಚೂರ ದಿವಸ ಒಣಗಿಲ್ಲ ಅಂತ ಹೇಳಪ್ಪ ಅಂತ. ಕೈ ಮುಗದ್ರರಿ. ಮೊದಲ ಹದಿನೈದ ದಿನ ಅಂದ್ರು, ಆಮ್ಯಾಗ ಮತ್ತ ಹದಿನೈದ. ನಾ ಏನ ಮಾಡ್ಲಿ, ನಮ್ಮವ್ವನ ವಯಸ್ಸಿನಾಕಿ." ನನ್ನ ಮುಖ ನೋಡಿ ಗಾಬರಿಯಾದ. "ನಿಮಗ ಗೊತ್ತೈತಿ ಅನ್ಕೊಂಡಿದ್ನಿರಿ. ತಪ್ಪ ತಿಳ್ಕೋಬ್ಯಾಡ್ರಿ."

ಅವನು ಹೋದ ಮೇಲೆ ಮಗನ ರೂಮಿನ ಬೀಗ ತೆಗೆದೆ. ಕಿಟಕಿ ತೆರೆದೆ. ಮಂಚದ ಮೇಲಿದ್ದ ಪ್ಲಾಸ್ಟಿಕ್ ಹೊದಿಕೆ ಕಿತ್ತು ಬಿಸಾಡಿ ಹೊಸ ಬೆಡ್‌ಶೀಟ್ ಹಾಸಿದೆ. ಯಜಮಾನರು ಏನಂದರೂ ಅನ್ನಲಿ, ಇವತ್ತು ಅವಳನ್ನು ಕೈಹಿಡಿದು ಕರೆತರುವುದೇ ಸೈ ಅಂದುಕೊಂಡು ಮೆಟ್ಟಿಲಿಳಿದೆ.

ದೊಡ್ಡಮ್ಮ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬೆನ್ನ ಹಿಂದೆ ಆ ಗೋಡೆ, ಬೆಳ್ಳಗೆ. ಅದರ ಮೇಲೆ ಕ್ಯಾಲೆಂಡರ್.

"ದೊಡ್ಡಮ್ಮ, ಎದ್ದೇಳು. ಮೇಲೆ ಬಾ. ಮಂಚ ಹಾಸಿದೀನಿ" ಅಂದೆ.

ಅವಳ ಕೈ ನಿಂತಿತು. ನನ್ನ ಮುಖ ನೋಡಿದಳು, ಆಮೇಲೆ ಗೋಡೆ ನೋಡಿದಳು. ಮಂಡಿಯೂರಿ ಹಿಂದಕ್ಕೆ ತಿರುಗಿ, ಕೆಳಗಿನಿಂದ ಕೈಗೆ ಎಟುಕುವಷ್ಟು ಎತ್ತರದವರೆಗೂ ಅಂಗೈ ಒತ್ತಿ ಒತ್ತಿ ಮುಟ್ಟಿದಳು. ಕ್ಯಾಲೆಂಡರನ್ನು ಎತ್ತಿ ಅದರ ಹಿಂದೆಯೂ ಮುಟ್ಟಿ ನೋಡಿದಳು.

"ಯಾಕೆ ಕಣೇ? ಎಲ್ಲೂ ಒದ್ದೆ ಬಂದಿಲ್ವಲ್ಲ" ಅಂದಳು.

ಗೋಡೆಯದಲ್ಲ ದೊಡ್ಡಮ್ಮ, ಅಂತ ಹೇಳಲು ಬಾಯಿ ತೆರೆದೆ. ಆ ಮಾತಿನ ಮುಂದಿನ ಮಾತು ಇಷ್ಟು ವರ್ಷದಲ್ಲಿ ಒಂದು ಸಲವೂ ಆಡಿದ್ದಲ್ಲ, ಬಾಯಿಗೆ ಬರಲಿಲ್ಲ.

"ಒಣಗಿದೆ ಬಿಡು. ಸುಮ್ನೆ ಹೆದರಿಸ್ತೀಯ" ಅಂತ ನಕ್ಕು, ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿ ನನಗೆ ಕೂರಲು ಜಾಗ ಮಾಡಿದಳು. ನಾನು ಕೂತೆ. ಕಿಟಕಿಯಲ್ಲಿ ಚಪ್ಪಲಿಗಳು ಹೋಗುತ್ತಿದ್ದವು. ಇಬ್ಬರೂ ಸೇರಿ ಅವರೆಕಾಯಿ ಸುಲಿದು ಮುಗಿಸಿದೆವು, ಸಾರಿಗೆ ಆಗುವಷ್ಟನ್ನು ಪಾತ್ರೆಗೆ ಹಾಕಿ ನನ್ನ ಕೈಗೆ ಕೊಟ್ಟು ಮೇಲೆ ಕಳಿಸಿದಳು.